ಮೊದಲ ಹಾಲು ಗಿಣ್ಣಾದ ಕಥೆ

"ಮೊದಲೇ ಹೇಳಿಬಿಡ್ತೀನಿ ಹಂಸ, ನನಗೆ ಕಥೆ ಹೇಳಕ್ಕೆ ಬರಲ್ಲ. ಎಲ್ಲಾದ್ರೂ ಕೆಟ್ಟರೆ ಹೊಟ್ಟೆಗೆ ಹಾಕ್ಕೋಬೇಕು" ಎಂದು ಪಿಳ್ಳಪ್ಪ ತಾತ ಜಗಲಿಯ ಮೇಲೆ ಕೂತು ಕನ್ನಡಕ ಒರೆಸಿಕೊಂಡರು.

ಆ ಮನೆಯಲ್ಲಿ ಕಥೆ ಹೇಳುವವರು ಅಜ್ಜಿ. ತಾತ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಪಾಠ ಎಂದರೆ ನಾಲಗೆ ತಾನಾಗಿ ಓಡುತ್ತಿತ್ತು, ಕಥೆ ಎಂದರೆ ಬಾಯಿ ಒಣಗುತ್ತಿತ್ತು. ಆದರೆ ಆ ಮಧ್ಯಾಹ್ನ ಅಜ್ಜಿ ಕೊಟ್ಟಿಗೆಯಲ್ಲಿದ್ದರು. ಕೆಂಚಿ ಹಸುವಿಗೆ ನೋವು ಶುರುವಾಗಿತ್ತು.

ಹೋದ ಸಲ ಕೆಂಚಿ ಹಾಕಿದ ಕರು ಸರಿಯಾಗಿ ಹಾಲು ಕುಡಿಯಲಿಲ್ಲ. ಮೂರು ದಿನಕ್ಕೆ ಅದರ ಕಿವಿ ಜೋತುಬಿತ್ತು, ವಾರ ತುಂಬುವ ಮೊದಲೇ ಅದು ಹೋಗಿಬಿಟ್ಟಿತು. ಅವತ್ತು ಹಂಸ ಅತ್ತದ್ದನ್ನು ಅಜ್ಜಿ ಮರೆತಿರಲಿಲ್ಲ. ಅದಕ್ಕೇ ಈ ಸಲ ಮಗುವನ್ನು ಕೊಟ್ಟಿಗೆಯ ಹತ್ತಿರ ಬಿಡದೆ, ಏನಾದರೂ ಹೇಳುತ್ತಾ ಹಿಡಿದುಕೊಂಡಿರಿ ಎಂದು ತಾತನಿಗೆ ಒಪ್ಪಿಸಿ ಹೋಗಿದ್ದರು.

ಹಂಸಳ ತೊಡೆಯ ಮೇಲೆ ಒಂದು ಸ್ಟೀಲಿನ ಡಬರಿ ಇತ್ತು. ಗಿಣ್ಣು ಹಾಲಿಗೆ ಅಂತ ಬೆಳಿಗ್ಗೆಯೇ ತೊಳೆದು ಇಟ್ಟುಕೊಂಡಿದ್ದಳು. ಅವಳು ಮೊದಲು ಕೇಳಿದ್ದು, ಈ ಕರು ಬದುಕುತ್ತಾ ಅಂತ. ಆಮೇಲೆ ಕೇಳಿದ್ದು, ದಿನಾ ಕರೆಯೋ ಹಾಲು ಕಾಯಿಸಿದರೆ ಉಕ್ಕುತ್ತೆ, ಕರು ಹಾಕಿದಾಗಿನ ಹಾಲು ಮಾತ್ರ ಗಟ್ಟಿಯಾಗಿ ಗಿಣ್ಣಾಗುತ್ತೆ, ಯಾಕೆ ಅಂತ. ಈ ಎರಡನೆಯದಕ್ಕೆ ತಾತನ ಹತ್ತಿರ ಉತ್ತರ ಇತ್ತು. ಅದನ್ನೇ ಅವರು ಕಥೆ ಮಾಡಲು ಹೊರಟರು.

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ನೆಲದ ಹಸಿ ಆರಿರಲಿಲ್ಲ. ಹೊಳೆಗೆ ತನ್ನ ದಾರಿ ಯಾವುದು ಅಂತ ಗೊತ್ತಿರಲಿಲ್ಲ. ಗಾಳಿಗೆ ತಾನು ಏನು ಹೊತ್ತುಕೊಂಡು ಹೋಗುತ್ತಿದ್ದೇನೆ ಅಂತಲೂ ಗೊತ್ತಿರಲಿಲ್ಲ.

ಆ ಹೊಳೆಯ ನೀರಿನಲ್ಲಿ ಮಣಿಗಳಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣವು. ಅವುಗಳಲ್ಲಿ ಇಪ್ಪತ್ತು ಮನೆತನ. ಒಂದು ಮನೆತನಕ್ಕೆ ನೀರೆಂದರೆ ಪ್ರಾಣ, ಇನ್ನೊಂದಕ್ಕೆ ನೀರೆಂದರೆ ಭಯ. ಆದರೂ ಎಲ್ಲ ಮಣಿಗೂ ಎರಡೆರಡು ಕೈ ಇದ್ದವು. ಒಂದು ಕೊಡುವ ಕೈ, ಒಂದು ತೆಗೆದುಕೊಳ್ಳುವ ಕೈ.

ಮಣಿಗೆ ಕೈ ಇರುತ್ತಾ ಎಂದು ಹಂಸ ಕೇಳಿದಳು.

ಕೈ ಅಂದರೆ ಬೆರಳಿರುವ ಕೈ ಅಲ್ಲ, ಹಿಡಿಯುವ ಜಾಗ, ಹಿಡಿಯುವುದು ಯಾವುದೋ ಅದನ್ನು ಕೈ ಅಂತ ಇಟ್ಟುಕೊ ಎಂದರು ತಾತ. ದೊಡ್ಡ ತರಗತಿಗೆ ಹೋದಾಗ ಈ ಮಣಿಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ, ಈಗ ಮಣಿ ಅಂತಲೇ ಇರಲಿ ಎಂದರು. ಇಷ್ಟು ಹೇಳಿದ್ದು ಸಾಲದೇನೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದರು.

"ಅಜ್ಜಿ ಕಥೇಲಿ ಇಷ್ಟೊಂದು 'ಅಂದರೆ' ಇರಲ್ಲ ತಾತ."

ತಾತ ಬಾಯಿ ಮುಚ್ಚಿಕೊಂಡು ಹೊಳೆಗೆ ಮರಳಿದರು.

ಆಗ ಹುಳಿ ಎಂಬುದು ಮನೆಮಠ ಇಲ್ಲದ ತುಂಟ. ಮಳೆಯ ಜೊತೆ ಬೀಳುತ್ತಿತ್ತು, ಕೊಳೆತ ಎಲೆಯಿಂದ ಜಾರುತ್ತಿತ್ತು, ಹೋದ ಕಡೆಯೆಲ್ಲ ಮನೆ ಕೆಡಿಸುತ್ತಿತ್ತು. ಅದು ಹೊಳೆಗೆ ಧುಮುಕಿದಾಗ ಮಣಿಗಳು ಗದರಲಿಲ್ಲ. ತೆಗೆದುಕೊಳ್ಳುವ ಕೈ ಚಾಚಿ, ಬಾ, ಇಲ್ಲಿ ಕೂತುಕೋ ಎಂದವು. ಮರುದಿನ ದಡದ ಬೂದಿಯೆಲ್ಲ ನೀರಿಗೆ ಬಂದು ಹೊಳೆ ಚೌಳಾಗತೊಡಗಿತು. ಆಗ ಮಣಿಗಳು ಕೊಡುವ ಕೈ ಚಾಚಿ, ತಾವು ಹಿಡಿದಿದ್ದ ಹುಳಿಯನ್ನು ಬಿಟ್ಟುಕೊಟ್ಟವು.

ಹುಳಿ ಹೆಚ್ಚಿದಾಗ ತೆಗೆದುಕೊಳ್ಳುವ ಕೈ ತೆಗೆದುಕೊಂಡಿತು. ಹುಳಿ ಕಡಿಮೆಯಾದಾಗ ಕೊಡುವ ಕೈ ಕೊಟ್ಟಿತು. ಅದಕ್ಕೇ ಹೊಳೆ ಹುಳಿಯೂ ಆಗಲಿಲ್ಲ, ಚೌಳೂ ಆಗಲಿಲ್ಲ.

ಹಾಗಾದರೆ ಎಷ್ಟು ಹುಳಿ ಬಂದರೂ ಹಿಡಿಯುತ್ತವಾ ಎಂದಳು ಹಂಸ. ಇಲ್ಲ ಎಂದರು ತಾತ. ಇರುವಷ್ಟು ಕೈ, ಹಿಡಿಯುವಷ್ಟು ಹುಳಿ. ಎಲ್ಲ ಕೈ ತುಂಬಿದ ಮೇಲೆ ಇನ್ನೊಂದೇ ಒಂದು ತೊಟ್ಟು ಬಿದ್ದರೂ ಹೊಳೆ ಕೆಡುತ್ತದೆ. ತಾಳ್ಮೆ ಇರುವವರದ್ದೂ ಹಾಗೇ, ನಿಮ್ಮಜ್ಜಿಯನ್ನು ನೋಡಿಲ್ಲವಾ ಎಂದು ಸೇರಿಸಿದರು. ಹಂಸ ಮೊದಲ ಸಲ ನಕ್ಕಳು.

ಅದೇ ಕಾಲಕ್ಕೆ ಲೋಕದ ಮೊದಲ ಹಸು ತನ್ನ ಮೊದಲ ಕರುವನ್ನು ಹಾಕಿತು. ಕರು ಚೆನ್ನಾಗಿತ್ತು. ನಾಲ್ಕು ಕಾಲು, ಎರಡು ಕಣ್ಣು, ಒದ್ದೆ ಮೂಗು. ಆದರೆ ಗಾಳಿ ಬೀಸಿದ್ದೇ ತಡ, ಕರುವಿನ ಮೈ ನಡುಗತೊಡಗಿತು.

ಯಾಕೆ ನನ್ನ ಮಗುವಿಗೆ ಕಾಯಿಲೆ ತಂದೆ ಎಂದು ಹಸು ಗಾಳಿಯನ್ನು ಕೇಳಿತು. ಗಾಳಿ ತಲೆ ತಗ್ಗಿಸಿತು. ತಾನು ಹೂವಿನ ಪುಡಿಯನ್ನೂ ಹೊರುತ್ತೇನೆ, ಕಾಯಿಲೆಯನ್ನೂ ಹೊರುತ್ತೇನೆ, ಆರಿಸಿಕೊಳ್ಳುವ ಕಣ್ಣು ತನಗಿಲ್ಲ ಎಂದಿತು. ಹೊಟ್ಟೆಯೊಳಗೆ ಇದ್ದಾಗ ಕರುವಿಗೆ ಊಟ ಸಿಕ್ಕಿತ್ತು, ಬೆಚ್ಚಗಿನ ಜಾಗ ಸಿಕ್ಕಿತ್ತು, ಆದರೆ ಕಾವಲು ಮಾತ್ರ ಸಿಕ್ಕಿರಲಿಲ್ಲ. ಹಸುವಿನ ಹಾಲೂ ಆಗ ನೀರಿನ ಹಾಗೆ ತೆಳ್ಳಗಿತ್ತು.

ಹಸು ಹೊಳೆಗೆ ಓಡಿತು. ನನ್ನ ಕರುವಿಗೆ ಕಾವಲು ಯಾರಾದರೂ ಇದ್ದೀರಾ ಎಂದು ಕೇಳಿತು.

ಮಣಿಗಳು ಒಂದರ ಮುಖ ಒಂದು ನೋಡಿಕೊಂಡವು. ಒಂಟಿ ಮಣಿಯಿಂದ ಕಾವಲು ಆಗದು. ಕೈ ಕೈ ಹಿಡಿದು ಸರವಾದರೆ ಆದೀತು. ಆದರೆ ಒಂದು ಮಣಿಯ ಕೊಡುವ ಕೈ ಇನ್ನೊಂದು ಮಣಿಯ ತೆಗೆದುಕೊಳ್ಳುವ ಕೈಯನ್ನು ಹಿಡಿದುಬಿಟ್ಟರೆ, ಎರಡು ಕೈಯೂ ಅಲ್ಲಿಗೆ ಮುಗಿಯಿತು. ಆಮೇಲೆ ಆ ಕೈಗಳಿಂದ ಹುಳಿಯನ್ನು ಹಿಡಿಯಲಾಗದು, ಬಿಡಲಾಗದು.

"ನೀವು ಕೈ ಕಟ್ಟಿಕೊಂಡರೆ ನನ್ನನ್ನು ಕಾಯುವವರು ಯಾರು?" ಎಂದಿತು ಹೊಳೆ.

ಆಗ ಒಂದು ಮನೆತನದ ಮಣಿ ಮುಂದೆ ಬಂತು. ಅದಕ್ಕೆ ಪಕ್ಕೆಯಲ್ಲಿ ಮೂರನೆಯದೊಂದು ಪುಟ್ಟ ಕೈ ಇತ್ತು. ತಾನು ಸರದಲ್ಲಿ ಸೇರಿದರೂ ಪಕ್ಕೆಯ ಕೈ ಬಿಡುವಾಗಿಯೇ ಇರುತ್ತದೆ, ಹೋದ ಕಡೆ ಅದರಲ್ಲೇ ಹುಳಿಯನ್ನು ಹಿಡಿಯುತ್ತೇನೆ ಎಂದಿತು. ಉಳಿದವರಲ್ಲಿ ಅರ್ಧ ಜನ ಹೊಳೆಯಲ್ಲೇ ಇರಲಿ, ಅರ್ಧ ಜನ ಹಸುವಿನ ಜೊತೆ ಹೋಗಲಿ ಎಂದಿತು. ಹೊಳೆ ಒಪ್ಪಿತು.

ಮಣಿಗಳು ಕೈ ಹಿಡಿದವು. ಒಂದೊಂದು ಜೋಡಿ ಕೈ ಸೇರಿದಾಗಲೂ ನಡುವಿನಿಂದ ಒಂದೊಂದು ಹನಿ ನೀರು ಜಾರಿಬಿತ್ತು. ಹೋಗಿಬರುತ್ತೇವೆ ಎಂದು ಅವು ಹೊಳೆಗೆ ಹೇಳಿದ್ದು ಹಾಗೆ.

ಈ ನೀರಿನ ಹನಿ ಮಾತ್ರ ನಾನು ಕಟ್ಟಿದ್ದಲ್ಲ, ನಿಜವಾಗಿಯೂ ಬೀಳುತ್ತೆ ಎಂದು ತಾತ ತುಸು ಗಾಬರಿಯಿಂದಲೇ ಹೇಳಿದರು. ಹಂಸ ತಲೆ ಆಡಿಸಿದಳು. ಕೊಟ್ಟಿಗೆಯ ಕಡೆಯಿಂದ ಕೆಂಚಿ ಒಮ್ಮೆ ನರಳಿತು. ಹಂಸಳ ಕೈ ಡಬರಿಯನ್ನು ಬಿಗಿಯಾಗಿ ಹಿಡಿಯಿತು. ತಾತ ಆ ಕೈಯ ಮೇಲೆ ತಮ್ಮ ಕೈ ಇಟ್ಟು ಮುಂದುವರಿಸಿದರು.

ಹಸು ನೀರು ಕುಡಿಯಿತು. ಮಣಿಗಳ ಸರಗಳು ಹಸುವಿನ ಮೈಯೊಳಗೆ ಹೋದವು. ಅಲ್ಲಿ ನೀರಿಗೆ ಹೆದರುವ ಮಣಿಗಳು, ನಮ್ಮನ್ನು ಒಳಗೆ ಬಿಡಿ ಎಂದವು. ನೀರನ್ನು ಪ್ರೀತಿಸುವ ಮಣಿಗಳು, ನಾವು ಹೊರಗೆ ನಿಲ್ಲುತ್ತೇವೆ ಎಂದವು. ಹೀಗೆ ಒಳಗೆ ಹೋಗುವವರು ಹೋಗಿ, ಹೊರಗೆ ನಿಲ್ಲುವವರು ನಿಂತು, ಸರ ಸುರುಳಿಯಾಯಿತು, ಸುರುಳಿ ಮಡಚಿ ಮುಷ್ಟಿಯಾಯಿತು. ಯಾರ ಪಕ್ಕ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ ಮುಷ್ಟಿಯ ಆಕಾರ. ಆ ಮುಷ್ಟಿಯ ಸಂದಿಯಲ್ಲಿ ಕಾಯಿಲೆಯ ಮೂಗು ಸರಿಯಾಗಿ ಸಿಕ್ಕಿಬೀಳುತ್ತಿತ್ತು. ಇಂಥ ಸಾವಿರ ಸಾವಿರ ಮುಷ್ಟಿಗಳು ಕೆಚ್ಚಲಿಗೆ ಇಳಿದವು. ಹಾಲು ಮಂದವಾಯಿತು, ಹಳದಿಯಾಯಿತು.

ಅಷ್ಟರಲ್ಲಿ ಬೆಂಕಿ ಬಂತು. ಬೆಂಕಿಗೆ ಕೆಟ್ಟ ಮನಸ್ಸು ಇರಲಿಲ್ಲ. ನಡುಗುತ್ತಿರುವ ಕರುವನ್ನು ನೋಡಿ ಮರುಗಿ, ಪಾಪ, ಹಾಲನ್ನು ಸ್ವಲ್ಪ ಕಾಯಿಸಿ ಕೊಡುತ್ತೇನೆ ಎಂದಿತು. ಹಸುವೂ ನಂಬಿ ಹಾಲಿಳಿಸಿತು.

ಹಾಲು ಬೆಚ್ಚಗಾಯಿತು. ಮುಷ್ಟಿಗಳು ಅಲುಗಿದವು. ಹಾಲು ಬಿಸಿಯಾಯಿತು. ಮುಷ್ಟಿಗಳು ಬಿಚ್ಚಿಕೊಂಡವು. ಒಳಗೆ ಅಡಗಿದ್ದ ಮಣಿಗಳಿಗೆ ಸುತ್ತ ನೀರೇ ನೀರು ಕಂಡಿತು. ಅವು ಹೆದರಿ ಹತ್ತಿರ ಯಾರಿದ್ದರೋ ಅವರನ್ನು ತಬ್ಬಿಕೊಂಡವು. ತಮ್ಮ ಮುಷ್ಟಿಯವರೋ ಪಕ್ಕದ ಮುಷ್ಟಿಯವರೋ ನೋಡಲಿಲ್ಲ. ಇದು ಅದನ್ನು ಹಿಡಿಯಿತು, ಅದು ಇನ್ನೊಂದನ್ನು ಹಿಡಿಯಿತು. ಹಾಲು ಹರಿಯುವುದನ್ನು ಬಿಟ್ಟು ನಿಂತೇಬಿಟ್ಟಿತು. ಮುಟ್ಟಿದರೆ ನಡುಗುವ ಗಟ್ಟಿ.

ಬೆಂಕಿ ಬೆಪ್ಪಾಗಿ ಹಿಂದೆ ಸರಿಯಿತು. ನಾನು ಆರಿಹೋಗುತ್ತೇನೆ, ನೀವು ನಿಮ್ಮ ನಿಮ್ಮ ಮುಷ್ಟಿಗೆ ಮರಳಿ ಎಂದು ಬೇಡಿಕೊಂಡಿತು.

"ಯಾವುದು ನನ್ನ ಮುಷ್ಟಿ ಅಂತ ಈಗ ಹೇಗೆ ಹುಡುಕಲಿ?" ಎಂದಿತು ಒಂದು ಮಣಿ.

ಒಲೆ ತಣ್ಣಗಾಯಿತು. ಹಾಲು ಮಾತ್ರ ಮತ್ತೆ ಹಾಲಾಗಲಿಲ್ಲ.

ಕರುವಿನ ಕಿವಿ ಜೋತುಬಿದ್ದಿತ್ತು. ಆದರೆ ಹಸುವಿನ ಕೆಚ್ಚಲಲ್ಲಿ ಇನ್ನೂ ಹಾಲಿತ್ತು, ಆ ಹಾಲಿನಲ್ಲಿ ಬಿಚ್ಚದ ಮುಷ್ಟಿಗಳಿದ್ದವು. ಹಸು ಬೆಂಕಿಯನ್ನು ಬೈಯಲಿಲ್ಲ. ಒಂದೇ ಮಾತು ಹೇಳಿತು.

"ಮೊದಲು ನನ್ನ ಮಗು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ನಿನಗೆ."

ಬೆಂಕಿ ಆಗಲಿ ಎಂದಿತು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಮುಷ್ಟಿಗಳು ಮುಷ್ಟಿಯಾಗಿಯೇ ಒಳಗೆ ಹೋಗಿ ಕಾವಲು ನಿಂತವು. ಸಂಜೆಗೆ ಒಂದು ಕಿವಿ ಎದ್ದಿತು, ಬೆಳಗಾಗುವಾಗ ಎರಡೂ ಎದ್ದಿದ್ದವು. ಕಾವಲು ಕೂತ ಮೇಲೆ ದಿನದಿನಕ್ಕೆ ಹಾಲಿಗೆ ಇಳಿಯುವ ಮುಷ್ಟಿಗಳು ಕಡಿಮೆಯಾದವು. ಹಾಲು ತೆಳ್ಳಗಾಗಿ, ಬೆಳ್ಳಗಾಗಿ, ಒಲೆಯ ಮೇಲೆ ಉಕ್ಕುವ ಹಾಲಾಯಿತು.

ತಾತ ನಿಟ್ಟುಸಿರು ಬಿಟ್ಟರು. ಕಥೆ ಹೇಗೋ ದಡ ಮುಟ್ಟಿತ್ತು. ಆದರೆ ಹಂಸ ಡಬರಿಯನ್ನೇ ನೋಡುತ್ತಿದ್ದಳು.

"ತಾತ, ಹೋದ ಸಲದ ಕರು ಕುಡೀಲಿಲ್ವಲ್ಲ. ಇದೂ ಇವತ್ತು ಕುಡೀದೇ ಇದ್ದರೆ ನಾಳೆ ಕುಡಿಸಬಹುದಾ?"

ತಾತನಿಗೆ ಇದಕ್ಕೆ ಕಥೆ ಸಿಗಲಿಲ್ಲ, ಪಾಠವೇ ಬಂತು. "ನಾಳೆಗೆ ಬಿಡಬಾರದು ಕಂದ. ಹುಟ್ಟಿದ ಕರುವಿನ ಕರುಳಲ್ಲಿ ಒಂದು ಬಾಗಿಲು ಇರುತ್ತೆ. ಬಾಗಿಲು ಅಂದರೆ ಮನೆ ಬಾಗಿಲಲ್ಲ, ಮುಷ್ಟಿ ಬಿಚ್ಚದೆ ಹಾಗೇ ರಕ್ತಕ್ಕೆ ಹೋಗುವಷ್ಟು ದಾರಿ. ಅದು ತೆರೆದಿರೋದು ಒಂದೇ ದಿನ. ಒಂದೇ ದಿನ ಯಾಕೆ ಅಂದರೆ, ಆ ಬಾಗಿಲು ಮೊದಲು..."

"ಏನೂಂದ್ರೆ, ಬೇಗ ಬನ್ನಿ" ಎಂದು ಕೊಟ್ಟಿಗೆಯಿಂದ ಅಜ್ಜಿ ಕೂಗಿದರು. "ಹೆಣ್ಗರು. ಬಾಯಿ ಹಾಕ್ತಿಲ್ಲ. ಹಾಲು ಕರೆದು ಕುಡಿಸಬೇಕು, ಒಂದು ಪಾತ್ರೆ ತನ್ನಿ."

ತಾತ ಮಾತನ್ನು ಅಲ್ಲೇ ಬಿಟ್ಟು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದರು. ಅವರಿಗಿಂತ ಮೊದಲು ಹಂಸ ಕೊಟ್ಟಿಗೆಯ ಬಾಗಿಲಲ್ಲಿದ್ದಳು, ಡಬರಿಯನ್ನು ಮುಂದೆ ಚಾಚಿಕೊಂಡು.

ಅದು ಗಿಣ್ಣಿಗೆ ಅಂತ ಇಟ್ಕೊಂಡಿದ್ದಲ್ವೇನೇ ಎಂದರು ಅಜ್ಜಿ.

"ಮೊದಲು ಕರು" ಎಂದಳು ಹಂಸ. "ಒಲೆ ಆಮೇಲೆ."

ಅಜ್ಜಿ ತಾತನ ಮುಖವನ್ನು ಒಂದು ಸಲ ನೋಡಿ ಕರೆಯಲು ಕೂತರು. ಡಬರಿಯ ತಳಕ್ಕೆ ಮಂದವಾದ ಹಳದಿ ಹಾಲು ಬಿತ್ತು. ತಾತ ಅದರಲ್ಲಿ ಬೆರಳದ್ದಿ ಕರುವಿನ ಬಾಯಿಗಿಟ್ಟರು. ಕರು ಸುಮ್ಮನಿತ್ತು. ಮತ್ತೆ ಅದ್ದಿ ಇಟ್ಟರು. ಈ ಸಲ ಒರಟು ನಾಲಗೆಯೊಂದು ಬೆರಳನ್ನು ಸುತ್ತಿಕೊಂಡು ಚೀಪಿತು. ಬೆರಳ ಹಿಂದೆಯೇ ಒದ್ದೆ ಮೂಗು ಡಬರಿಯೊಳಕ್ಕೆ ಇಳಿಯಿತು.

ಅದಕ್ಕೇ ಇವತ್ತಿಗೂ ಕರು ಹಾಕಿದ ಹಸುವಿನ ಮೊದಲ ಹಾಲು ಒಲೆಯ ಮೇಲೆ ಉಕ್ಕುವುದಿಲ್ಲ, ಅದರ ಮಣಿಗಳೆಲ್ಲ ಒಂದನ್ನೊಂದು ತಬ್ಬಿಕೊಂಡು ಗಿಣ್ಣಾಗಿ ನಿಲ್ಲುತ್ತವೆ. ಅದಕ್ಕೇ ಇವತ್ತಿಗೂ ಗಿಣ್ಣಿನ ಪಾತ್ರೆ ಕರುವಿನ ಹೊಟ್ಟೆ ತುಂಬುವ ತನಕ ಒಲೆ ಏರದೆ ಕಾಯುತ್ತದೆ.