ಚೌಡಪ್ಪನ ಶಿಷ್ಯ

ಮಕ್ಕಳೇ, ಒಂದು ಕಾಡಿನ ನಡುವೆ ಕೆರೆಯೊಂದಿತ್ತು. ಅದರ ದಂಡೆಯಲ್ಲಿ ಕಡವೆಗಳು, ಮೊಲಗಳು, ಕಾಡುಹಂದಿಗಳು ವಾಸವಾಗಿದ್ದವು. ಕಾಡಿನ ಮಹಾಸಭೆಗೆ ದಂಡೆಯವರು ಪ್ರತಿ ಸಲವೂ ಆರಿಸಿ ಕಳಿಸುತ್ತಿದ್ದುದು ಚೌಡಪ್ಪ ಎಂಬ ಮುದಿ ಕಡವೆಯನ್ನು. ಆನೆಗಳು ಕೆರೆಯನ್ನು ತುಳಿದು ಕೆಸರು ಮಾಡದಂತೆ, ಸೀಳುನಾಯಿಗಳು ದಂಡೆಗೆ ಕಾಲಿಡದಂತೆ ಕಟ್ಟುಪಾಡು ಮಾಡಿಸಿದವನು ಅವನೇ.

ವಯಸ್ಸಾದ ಮೇಲೆ ಚೌಡಪ್ಪ, ಮಲ್ಲ ಎಂಬ ಕಾಡುಹಂದಿಯನ್ನು ಶಿಷ್ಯನನ್ನಾಗಿ ಮಾಡಿಕೊಂಡ. ಯಾರ ಮುಂದೆ ಹೇಗೆ ಮಾತಾಡಬೇಕು, ಸಿಟ್ಟಾದವರನ್ನು ಹೇಗೆ ಒಲಿಸಬೇಕು, ಎಲ್ಲವನ್ನೂ ಕಲಿಸಿದ; ತನಗೆ ಹೋಗಲಾಗದಾಗ ಸಭೆಗೆ ಅವನನ್ನೇ ಕಳಿಸತೊಡಗಿದ. ಮಲ್ಲನ ಮಾತು ಕೇಳುವಾಗ ಚೌಡಪ್ಪನಿಗೆ ತನ್ನ ಹರೆಯ ನೆನಪಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಸಿದ್ದವ್ವ ಎಂಬ ಮೊಲ ಬಂದು ಹೇಳಿದಳು: "ಅಜ್ಜ, ನಮ್ಮ ಗರಿಕೆ ಬಯಲು ನಮಗೇ ಉಳಿಯೋ ಹಾಗೆ ಸಭೆಯಲ್ಲಿ ಮಾತಾಡು ಅಂತ ಮಲ್ಲನನ್ನು ಕೇಳಿಕೊಂಡಿದ್ದೆವು. ಅವನು ಅದನ್ನು ತನ್ನ ಹಂದಿಗಳಿಗೆ ಕೊಡಿಸಿಕೊಂಡಿದ್ದಾನೆ. ಬಯಲನ್ನೆಲ್ಲ ಅಗೆದು ಹಾಕಿದ್ದಾರೆ."

"ಹುಡುಗು ಬುದ್ಧಿ, ಬಿಡವ್ವ. ನಾನು ತಿಳಿಸಿ ಹೇಳ್ತೀನಿ."

ಅವನು ಹೇಳಲಿಲ್ಲ. ಬೈದರೆ ಮಲ್ಲ ದೂರವಾದಾನು, ತನ್ನ ಜಾಗಕ್ಕೆ ಇಂಥವನು ಇನ್ನೊಬ್ಬ ಸಿಕ್ಕಲಾರ ಎಂಬ ಭಯ. ಆಮೇಲೂ ದೂರುಗಳು ಬಂದವು. ಚೌಡಪ್ಪ ಶಿಷ್ಯನ ಪರವಾಗಿಯೇ ನಿಂತ. ಮುಂದಿನ ಆಯ್ಕೆಯ ಹೊತ್ತಿಗೆ, "ನನ್ನ ಮುಖ ನೋಡಿ ಇವನನ್ನು ಕಳಿಸಿ" ಎಂದು ಎಲ್ಲರನ್ನೂ ಒಪ್ಪಿಸಿ ತಾನು ಹಿಂದೆ ಸರಿದ.

ಮಳೆ ಕೈಕೊಟ್ಟ ವರ್ಷ ಸೀಳುನಾಯಿಗಳು ಸಭೆಗೆ ಬಂದು ಕೆರೆಯ ದಂಡೆ ತಮಗೂ ಬೇಕೆಂದವು. ಮಲ್ಲ ಒಪ್ಪಿಗೆ ಕೊಟ್ಟು ಬಂದ. ಹಂದಿಗಳನ್ನು ಮುಟ್ಟಬಾರದು ಎಂಬುದೊಂದೇ ಅವನ ಷರತ್ತು.

"ಮೊಲಗಳ ಗತಿ ಏನೋ? ನಮ್ಮ ಗತಿ ಏನು?" ಎಂದು ಚೌಡಪ್ಪ ಕೇಳಿದ.

"ಎಲ್ಲರನ್ನೂ ಉಳಿಸೋಕೆ ಆಗಲ್ಲ, ಅಜ್ಜ. ಮೊಲಗಳ ಬಯಲು ಹೋದಾಗ ನೀವು ಒಂದು ಮಾತೂ ಆಡಲಿಲ್ಲ. ಈಗ್ಯಾಕೆ ಕೇಳ್ತೀರಿ?"

ಚೌಡಪ್ಪ ಹೋಗಿ ಮೊದಲು ಕಡವೆಗಳನ್ನು ಗುಡ್ಡದ ಕಡೆ ಹೊರಡಿಸಿದ. ಅಲ್ಲಿಂದ ನೇರವಾಗಿ ಮೊಲಗಳ ಬಿಲದ ಹತ್ತಿರ ಹೋದ.

"ಸಿದ್ದವ್ವ, ತಪ್ಪು ನನ್ನದು. ಮಕ್ಕಳನ್ನು ಕರೆದುಕೊಂಡು ಗುಡ್ಡದಾಚೆ ಹೊರಡು. ಕಡವೆಗಳನ್ನೂ ಕಳಿಸಿದ್ದೇನೆ."

"ನೀನು ಬರಲ್ವಾ?"

"ನನ್ನ ಕಾಲು ಓಡಲ್ಲ. ದಾರಿಗಡ್ಡ ನಿಲ್ಲೋಕಾದರೂ ಆದೀತು."

ಸೀಳುನಾಯಿಗಳು ಬಂದಾಗ ಚೌಡಪ್ಪ ಕೊಂಬು ಬಗ್ಗಿಸಿ ನಿಂತಿದ್ದ. ಅವನು ನೆಲಕ್ಕೆ ಬೀಳುವಷ್ಟರಲ್ಲಿ ಕಡವೆಗಳೂ ಮೊಲಗಳೂ ಗುಡ್ಡ ದಾಟಿದ್ದವು. ಪುಟ್ಟ ಮರಿಗಳನ್ನು ಮುಂದೆ ಕಳಿಸಿ ಹಿಂದೆ ಉಳಿದಿದ್ದ ಸಿದ್ದವ್ವ ದಾಟಲಿಲ್ಲ.

ಮುಂದಿನ ಸಭೆಯಲ್ಲಿ ಮಲ್ಲ ತನ್ನ ಗುರುವನ್ನು ಹೊಗಳಿ ಉದ್ದನೆಯ ಭಾಷಣ ಮಾಡಿದ. ಸೀಳುನಾಯಿಗಳು ಎದ್ದು ನಿಂತು ಮೌನ ಆಚರಿಸಿದವು.

ನೀತಿ: ನಮ್ಮವನೆಂದು ಒಬ್ಬನ ಸಣ್ಣ ಅನ್ಯಾಯವನ್ನು ಮುಚ್ಚಿಹಾಕಿದರೆ, ಅವನ ದೊಡ್ಡ ಅನ್ಯಾಯಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.