ಭೀಮರಾಜನ ಉತ್ತರ, ಚಿಂಗಾರಿಯ ಪದವಿ

ಮಕ್ಕಳೇ, ಕಾಡಿನಲ್ಲೂ ಒಂದು ಕಾಲೇಜಿತ್ತು ಎಂದರೆ ನಗಬೇಡಿ. ಕೆರೆದಂಡೆಯ ಮತ್ತಿಮರದ ಕೆಳಗೆ ಕರಿಮೂತಿಯ ಕೋತಿ, ಮುಸುವ ಮೇಷ್ಟ್ರು, ಹೆಜ್ಜೆ ಓದುವ ವಿದ್ಯೆ ಕಲಿಸುತ್ತಿದ್ದರು. ಹೆಜ್ಜೆ ಯಾರದು, ಹೊಸದೋ ಹಳೆಯದೋ ಎಂದು ಹೇಳಬಲ್ಲವರಿಗೆ ಪದವಿ. ಪದವಿ ಪಡೆದ ಜಿಂಕೆಗೇ ಹಿಂಡನ್ನು ನೀರಿಗೆ ಕರೆದೊಯ್ಯುವ ಹಕ್ಕು. ಆಹಾ, ಎಂಥ ಗೌರವ!

ಪಾಠವೆಲ್ಲ ಮಳೆಗಾಲದಲ್ಲಿ. ಬೇಸಗೆಯಲ್ಲಿ ವಿದ್ಯಾರ್ಥಿಗಳೇ ಅಲೆದಾಡಿ, ಹೆಜ್ಜೆ ನೋಡಿಕೊಂಡು ಬಂದು ಒಪ್ಪಿಸಬೇಕು.

ಚಿಂಗಾರಿ ಎಂಬ ಜಿಂಕೆಗೆ ಗೌರವ ಬೇಕಿತ್ತು, ಬಿಸಿಲಿನ ಅಲೆದಾಟ ಬೇಡವಾಗಿತ್ತು. ಮತ್ತಿಮರದ ಮೇಲೆ ಭೀಮರಾಜ ಹಕ್ಕಿ ಇತ್ತಲ್ಲ, ಕೇಳಿದ್ದನ್ನೆಲ್ಲ ಹಾಗೇ ನುಡಿಯುವ ಹಕ್ಕಿ, ಅದರ ಬಾಯಲ್ಲಿ ಹತ್ತು ಮಳೆಗಾಲದ ಪಾಠ ಭದ್ರವಾಗಿತ್ತು.

"ಭೀಮಣ್ಣ, ನನಗೊಂದಿಷ್ಟು ಹೇಳಿಬಿಡೋ!"

"ಅದಕ್ಕೇನಂತೆ! ಅಂಚು ಹಸಿಯಾಗಿದ್ದರೆ ಹೊಸ ಹೆಜ್ಜೆ. ಒಣಗಿ ಉದುರಿದ್ದರೆ ಹಳೆಯದು."

ಚಿಂಗಾರಿ ಅದನ್ನೇ ಮೇಷ್ಟ್ರ ಮುಂದೆ ಪಟಪಟನೆ ಒಪ್ಪಿಸಿದಳು. "ನೀನೇ ನೋಡಿದೆಯೇನಮ್ಮ?" ಎಂದರು ಮೇಷ್ಟ್ರು.

"ಕಣ್ಣಾರೆ ನೋಡಿದೆ ಮೇಷ್ಟ್ರೇ!"

ಪದವಿ ಬಂತು. ಮರುದಿನ ಸುಡು ಮಧ್ಯಾಹ್ನ ಹಿಂಡು ಅವಳ ಹಿಂದೆ ಕೆರೆಗೆ ಹೊರಟಿತು. ಮರಳಿನ ಮೇಲೆ ಚಿರತೆಯ ಹೆಜ್ಜೆ!

"ಹೊಸದೇನೇ?" ಎಂದಳು ಹಿಂಡಿನ ಮುದುಕಿ ದೊಡ್ಡಮ್ಮ.

"ಹಳೇದು ದೊಡ್ಡಮ್ಮ. ಅಂಚು ಒಣಗಿ ಉದುರಿದೆ, ಕಾಣಲ್ವೇ?"

ಅದು ಮಳೆಗಾಲದ ಕೆಸರಿನ ಪಾಠ. ಕಾದ ಮರಳಿನಲ್ಲಿ ಹೊಸ ಹೆಜ್ಜೆಯ ಅಂಚೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಉದುರುತ್ತದೆ. ಬಗ್ಗಿ ಮೂಸಿದ್ದರೆ ತಿಳಿಯುತ್ತಿತ್ತು. ಅವಳು ಬಗ್ಗಲಿಲ್ಲ.

"ಖೊಕ್! ಖೊಕ್!" ಮರದ ತುದಿಯಿಂದ ಮೇಷ್ಟ್ರು ಕೂಗಿದರು. ಪೊದೆಯಿಂದ ಚಿರತೆ ಹಾರಿತು. ಹಿಂಡು ದಿಕ್ಕಾಪಾಲು. ಜೀವ ಉಳಿಯಿತು, ದೊಡ್ಡಮ್ಮನ ತೊಡೆ ಮಾತ್ರ ಸೀಳಿಹೋಯಿತು.

ಸಂಜೆ ಚಿಂಗಾರಿ ತಲೆ ತಗ್ಗಿಸಿ ಬಂದಳು. "ನಾನು ಒಂದು ಹೆಜ್ಜೆಯನ್ನೂ ನೋಡಿರಲಿಲ್ಲ ಮೇಷ್ಟ್ರೇ. ಎಲ್ಲ ಭೀಮಣ್ಣನದು. ಪದವಿ ವಾಪಸ್ ತಗೊಳ್ಳಿ."

"ಅಯ್ಯೋ, ನಾನು ಮರಳಿಗೆ ಇಳಿದವನೇ ಅಲ್ಲವಲ್ಲಮ್ಮ!" ಎಂದಿತು ಭೀಮರಾಜ. "ನೀನು ಕೇಳಲೂ ಇಲ್ಲ."

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಬಾಯಿಪಾಠ ಕೇಳಿ ಪದವಿ ಕೊಟ್ಟೆನಲ್ಲ, ನನ್ನದೂ ತಪ್ಪೇ. ನಾಳೆಯಿಂದ ಪರೀಕ್ಷೆ ಮರಳಿನ ಮೇಲೆ. ಭೀಮರಾಜ, ನೀನೂ ಬಾರಪ್ಪ. ನೀನು ಉತ್ತರ ಹೇಳು, ಅದು ಸರಿಯೋ ತಪ್ಪೋ ಅಂತ ಇವಳು ಹೇಳಲಿ."

ಮರುದಿನ ಒಂದು ಸಣ್ಣ ಹೆಜ್ಜೆ ಸಿಕ್ಕಿತು.

"ಅಂಚು ಒಣಗಿದೆ. ಹಳೆಯದು!" ಎಂದಿತು ಭೀಮರಾಜ.

ಚಿಂಗಾರಿ ಮಂಡಿಯೂರಿ ಮೂಸಿದಳು. ಎರಡನೆಯ ಸಲವೂ ಮೂಸಿದಳು. "ಅಲ್ಲ ಭೀಮಣ್ಣ. ಮುಂಗುಸಿ, ಈಗಷ್ಟೇ ಹೋಗಿದೆ."

ಪಕ್ಕದ ಪೊದೆಯಿಂದ ಮುಂಗುಸಿಯೊಂದು ಮೂತಿ ಹೊರಹಾಕಿ, "ಹೋಗೋಕೆ ದಾರಿ ಬಿಟ್ಟರೆ ತಾನೇ ಹೋಗೋದು!" ಎಂದು ಗೊಣಗಿತು.

ನೀತಿ: ಕೇಳಿ ಪಡೆದ ಉತ್ತರವನ್ನು ತಾನೇ ನೋಡಿ ಪರೀಕ್ಷಿಸಬೇಕು, ನೋಡದೆ ತನ್ನದೆಂದು ಹೇಳಿಕೊಂಡರೆ ನಂಬಿದವರಿಗೆ ಗಾಯ.