ಸಿಡಿದುಹೋದ ದೊರೆಯ ನಾಣ್ಯ

“ಗುರುಗಳೇ, ನಾಳೆ ನಾನು ಹೊಳೆಯಾಚೆ ನನ್ನದೇ ಪಾಠಶಾಲೆ ತೆರೆಯುತ್ತಿದ್ದೇನೆ. ಬಾಯಿ ತೆರೆದರೆ ನಿಮ್ಮ ಮಾತೇ ಬರುತ್ತದೆ. ನಿಮ್ಮನ್ನು ನನ್ನೊಳಗಿಂದ ಪೂರ್ತಿ ಅಳಿಸದೆ ನಾನು ನಾನಾಗುವುದು ಹೇಗೆ?”

ಶಿಷ್ಯ ಕೊಟ್ರಯ್ಯ ಹೀಗೆ ಕೇಳಿದಾಗ ಅಲ್ಲಿದ್ದ ಉಳಿದವರು ಗಾಬರಿಯಾದರು. ಗುರುಗಳಿಗೆ ಮಾತ್ರ, ಹುಡುಗನಿಗೆ ಕೇಳುವ ಧೈರ್ಯ ಬಂತಲ್ಲ ಎಂದು ಸಂತೋಷವೇ ಆಯಿತು. ಅವರು ಒಂದು ಕತೆ ಹೇಳಿದರು.

ಒಂದು ಬಂದರು ಪಟ್ಟಣದಲ್ಲಿ ಕಾಳುಮೆಣಸಿನ ವರ್ತಕನೊಬ್ಬನಿದ್ದ. ರೋಮಿನ ಹಳೆಯ ನಾಣ್ಯಗಳನ್ನು ಕೂಡಿಹಾಕುವುದು ಅವನ ಹುಚ್ಚು. ಒಬ್ಬನೇ ಹುಚ್ಚನಾದರೆ ಊರು ನಗುತ್ತದೆ, ಹತ್ತು ಜನ ಸೇರಿದರೆ ಅದಕ್ಕೆ ಕೂಟ ಎನ್ನುತ್ತದೆ. ಆ ಪಟ್ಟಣದಲ್ಲೂ ಅಂಥದೊಂದು ಕೂಟವಿತ್ತು. ವರ್ಷಕ್ಕೊಮ್ಮೆ ಅವರು ರೇಷ್ಮೆ ಬಟ್ಟೆ ಹಾಸಿ, ರೋಮಿನ ಸಾಮ್ರಾಟರ ನಾಣ್ಯಗಳನ್ನು ಪಟ್ಟಕ್ಕೆ ಬಂದ ಕ್ರಮದಲ್ಲಿ ಸಾಲಾಗಿ ಇಡುತ್ತಿದ್ದರು. ಆ ಸಾಲಿನಲ್ಲಿ ಯಾರ ನಾಣ್ಯಕ್ಕೆ ಜಾಗ ಉಂಟು, ಯಾರದಕ್ಕೆ ಇಲ್ಲ ಎಂದು ತೀರ್ಮಾನಿಸುವವನು ಕೂಟದ ಹಿರಿಯ. ವರ್ತಕನಿಗೆ ನಾಣ್ಯ ನೋಡುವುದನ್ನು ಕಲಿಸಿದವನೂ ಅವನೇ.

ವರ್ತಕ ಮನಸೋತದ್ದು ಸಾಲಿನಲ್ಲಿ ಇಲ್ಲದ ಒಬ್ಬನಿಗೆ. ಅವನು ರೋಮಿನ ದಂಡನಾಯಕನಾಗಿದ್ದವನು. ಸಾಮ್ರಾಜ್ಯದಿಂದ ಸಿಡಿದು, ಒಂದು ದ್ವೀಪವನ್ನು ಹಿಡಿದು, ನಾನೇ ಸಾಮ್ರಾಟ ಎಂದು ಸಾರಿ, ತನ್ನ ಮುಖದ ನಾಣ್ಯ ಹೊಡೆಸಿದ. ಕೆಲವೇ ವರ್ಷ ಆಳಿ ಸತ್ತ. ವರ್ತಕ ಹಡಗಿನವರನ್ನು ಕಾಡಿ ಬೇಡಿ ಅವನ ನಾಣ್ಯಗಳನ್ನು ಒಂದೊಂದಾಗಿ ತರಿಸಿಕೊಂಡ. ಪ್ರತಿ ವರ್ಷವೂ ಕೂಟಕ್ಕೆ ಒಯ್ದ. ಪ್ರತಿ ವರ್ಷವೂ ಹಿರಿಯ ಅವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ದೊರೆಯಲ್ಲದವನಿಗೆ ದೊರೆಗಳ ಸಾಲಿನಲ್ಲಿ ಏನು ಕೆಲಸ ಎಂಬುದು ಅವನ ವಾದ.

ವರ್ತಕನಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಆ ರೇಷ್ಮೆಯ ಮೇಲೆ ತನ್ನ ದೊರೆಗೆ ಹೆಬ್ಬೆರಳಗಲ ಜಾಗ ಸಿಗಬೇಕು, ಅದೊಂದು ಬಿಟ್ಟು ಬೇರೇನೂ ಬೇಡ ಎಂದು ಹಟ ಹಿಡಿದ.

ಆ ನಾಣ್ಯಗಳಿಗೆ ಒಂದು ಕಳಂಕವಿತ್ತು. ಹೊಸ ಲೋಹ ಕರಗಿಸಿ ಎರಕ ಹೊಯ್ಯಲು ದಂಡನಾಯಕನಿಗೆ ಪುರುಸೊತ್ತಿರಲಿಲ್ಲ. ಹಿಂದಿನ ಸಾಮ್ರಾಟರ ನಾಣ್ಯಗಳ ಮೇಲೆಯೇ ತನ್ನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆಸಿದ್ದ. ಹೀಗಾಗಿ ಅವನ ಮುಖದ ಪಕ್ಕದಲ್ಲಿ ಹಳೆಯ ಸಾಮ್ರಾಟನ ಮೂಗೋ ಕಿರೀಟದ ತುದಿಯೋ ಮಸುಕಾಗಿ ಉಳಿದಿರುತ್ತಿತ್ತು. ವರ್ತಕನಿಗೆ ಅದನ್ನು ಕಂಡರೆ ನಾಚಿಕೆ. ತನ್ನ ದೊರೆ ಯಾರ ಹಂಗೂ ಇಲ್ಲದವನಂತೆ ಕಾಣಲೆಂದು ಹುಣಸೆಹಣ್ಣು, ಬೂದಿ ಹಾಕಿ ನಾಣ್ಯಗಳನ್ನು ತಿಕ್ಕತೊಡಗಿದ. ದೇವರ ಸಾಮಾನನ್ನೂ ಯಾರೂ ಅಷ್ಟು ಭಕ್ತಿಯಿಂದ ತಿಕ್ಕುವುದಿಲ್ಲ.

ಹೊಸ ಮುಖ ಉಬ್ಬಿತ್ತು, ಹಳೆಯದು ತಗ್ಗಿನಲ್ಲಿತ್ತು. ತಿಕ್ಕಿದ ಪೆಟ್ಟು ಯಾರಿಗೆ ಬೀಳಬೇಕು? ಮೊದಲು ದಂಡನಾಯಕನ ಮೂಗು ಸವೆಯಿತು, ಆಮೇಲೆ ಗಡ್ಡ. ಹಳಬ ತಗ್ಗಿನಲ್ಲಿ ತಣ್ಣಗೆ ಕುಳಿತಿದ್ದ. ಹೀಗೆ ಒಳ್ಳೊಳ್ಳೆಯ ನಾಣ್ಯಗಳೆಲ್ಲ ಬೋಳಾದವು. ತನ್ನ ದೊರೆಯನ್ನು ತಾನೇ ಕೊಂದೆನಲ್ಲ ಎಂದು ವರ್ತಕ ತಲೆಯ ಮೇಲೆ ಕೈಹೊತ್ತು ಕುಳಿತ.

ತಿಕ್ಕದೆ ಉಳಿದದ್ದು ಒಂದೇ ಒಂದು. ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಅಷ್ಟು ವರ್ಷ ಅವನು ಆ ಹಳೆಯ ಮುಖವನ್ನು ಅಳಿಸುವುದಕ್ಕೆಂದೇ ನೋಡಿದ್ದ. ಅದು ಯಾರ ಮುಖವೆಂದು ಅಂದು ಮೊದಲ ಸಲ ನೋಡಿದ. ನೋಡಿ ಗಟ್ಟಿಯಾಗಿ ನಕ್ಕ.

ಆ ವರ್ಷದ ಕೂಟದಲ್ಲಿ ಆ ನಾಣ್ಯವನ್ನು ಹಿರಿಯನ ಅಂಗೈಯಲ್ಲಿಟ್ಟು ಹೇಳಿದ: “ಅಯ್ಯಾ, ಇದನ್ನು ಸ್ವಲ್ಪ ಬಿಸಿಲಿಗೆ ಹಿಡಿಯಿರಿ. ನೋಡುವುದನ್ನು ಕಲಿಸಿದವರು ನೀವು.”

ಹಿರಿಯ ಹಿಡಿದು ನೋಡಿದ. ದಂಡನಾಯಕನ ಕಿವಿಯ ಹಿಂದೆ, ತಾನು ಸಾಲಿನಲ್ಲಿ ಎಲ್ಲರಿಗಿಂತ ಗೌರವದಿಂದ ಇಡುತ್ತಿದ್ದ ಸಾಮ್ರಾಟನ ಹಣೆ ಕಂಡಿತು.

“ಇವನನ್ನು ಆಚೆ ಹಾಕಿದರೆ ನಮ್ಮವನೂ ಆಚೆ ಹೋಗುತ್ತಾನಪ್ಪ,” ಎಂದ. ರೇಷ್ಮೆಯ ಮೇಲಿನ ನಾಣ್ಯಗಳನ್ನು ತನ್ನ ಕೈಯಾರೆ ಸರಿಸಿ, ನಡುವೆ ಜಾಗ ಮಾಡಿ, ದಂಡನಾಯಕನನ್ನು ಕೂರಿಸಿದ. ಕೂಟಕ್ಕೆ ಕೂಟವೇ ಎದ್ದು ನಿಂತಿತು. ವರ್ತಕ ಗೆದ್ದಿದ್ದ, ಅದೂ ಕಲಿಸಿದವನ ಕೈಯಿಂದಲೇ ಗೆದ್ದಿದ್ದ. ಆ ಸಂಭ್ರಮಕ್ಕೆ ಬೀದಿಯುದ್ದಕ್ಕೂ ಸಕ್ಕರೆ ಹಂಚಿದ. ಬೇಡ ಎಂದವರ ಬಾಯಿಗೂ ಹಾಕಿದ.

ಗುರುಗಳು ಕತೆ ನಿಲ್ಲಿಸಿ ಮೇಲೆದ್ದರು. ಕೊಟ್ರಯ್ಯನೂ ಎದ್ದು ನಿಂತ. ಹಾಗಾದರೆ ನಾನೇನು ಮಾಡಲಿ ಎಂದು ಅವನು ಕೇಳುವ ಮೊದಲೇ ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನಿನ್ನ ಅಚ್ಚನ್ನು ನನ್ನ ಮೇಲಿಟ್ಟು ಬಲವಾಗಿ ಹೊಡಿ ಮಗು, ನನಗೆ ನೋವಾಗುವುದಿಲ್ಲ.”